ಹಸಿದವನ ಒಪ್ಪಿಗೆ
ಕೆಮ್ಮಣ್ಣುಗುಂಡಿಗೆ ಹೋದಾಗ ನಾವು ಗುಲಾಬಿ ತೋಟ ನೋಡುತ್ತೇವೆ, ಬಾಬಾಬುಡನ್ ಬೆಟ್ಟದ ಕಾಫಿಯನ್ನು ಹೊಗಳುತ್ತೇವೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಬಡವರನ್ನು ಈ ಕಾಫಿ ತೋಟಗಳಿಗೆ ಎಳೆದು ತಂದದ್ದು ಮೇಸ್ತ್ರಿ ಕೊಟ್ಟ ಮುಂಗಡ ಹಣ. 17 ಮತ್ತು 18ನೇ ಶತಮಾನಗಳಲ್ಲಿ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಯ ಬಡವರೂ ಹಡಗಿನ ಖರ್ಚಿಗಾಗಿ ಹಲವು ವರ್ಷಗಳ ದುಡಿಮೆಯನ್ನೇ ಒತ್ತೆಯಿಟ್ಟು ಅಮೆರಿಕ ಸೇರಿದ್ದರು. ಒಪ್ಪಿಯೇ ಬಂದರಲ್ಲ ಎನ್ನುತ್ತೇವೆ. ಹಸಿದವನ ಒಪ್ಪಿಗೆ ಎಷ್ಟರಮಟ್ಟಿನ ಒಪ್ಪಿಗೆ?

ಮುಂಗಡ ಪಡೆದು ದುಡಿಯದ ಆಳಿಗೆ ಮೂರು ತಿಂಗಳವರೆಗೆ ಸಜೆ ಎಂದಿತು ಬ್ರಿಟಿಷರ 1859ರ ಕಾಯಿದೆ. ಕೂಲಿ ಕೊಡದ ಧಣಿಗೆ ಅದರಲ್ಲಿ ಸಜೆ ಇರಲಿಲ್ಲ! ಕೊಟ್ಟ ಮಾತಿಗೆ ತಪ್ಪಬಾರದು, ನಿಜ. ಆದರೆ ತಪ್ಪಿದರೆ ಒಬ್ಬನನ್ನು ಮಾತ್ರ ಜೈಲಿಗೆ ಕಳಿಸುವ ಮಾತು ಕರಾರಾದೀತೆ? 1976ರ ಜೀತ ನಿರ್ಮೂಲನ ಕಾಯಿದೆ ಜೀತದ ಸಾಲವನ್ನೇ ಅಳಿಸಿತು. ಮುಂಗಡ ಪಡೆದು ಓಡಿಹೋದವನನ್ನು ಮಾತ್ರ ನಾವು ಇಂದಿಗೂ ಮೋಸಗಾರನೆಂದೇ ಕರೆಯುತ್ತೇವೆ.