ಪಟ್ಟೆ ಇಲ್ಲದ ಮೀನು ಸುಖವಾಗಿದೆಯಾ?

ಡಿಸ್ಕಸ್ ಮೀನು ಕೊಳ್ಳೋಕೆ ಹೋದವರಿಗೆ ಅಂಗಡಿಯವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: "ಇದಕ್ಕೆ ಪಟ್ಟೆ ಬರಲ್ಲ ಸರ್, ಕ್ಲೀನ್ ಪೀಸ್." ಪಟ್ಟೆ ಬಂದರೆ ಕೊರತೆ, ಬರದಿದ್ದರೆ ಗುಣ ಅನ್ನೋ ಲೆಕ್ಕ ಈ ಹವ್ಯಾಸದಲ್ಲಿ ಎಷ್ಟು ಬೇರೂರಿದೆ ಅಂದ್ರೆ, ಆ ಪಟ್ಟೆ ಯಾಕಿದೆ ಅಂತ ಕೇಳುವವರೇ ಕಡಿಮೆ. ನನಗೆ ಈ ಮೀನಿನ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಹೊಸದಾಗಿ ಟ್ಯಾಂಕ್ ಇಡುವ ಗೆಳೆಯರು "ಯಾವ ಬಣ್ಣ ತಗೊಳ್ಳಲಿ?" ಅಂತ ಕೇಳ್ತಿರ್ತಾರೆ. ಕೇಳೋಕೆ ಕಿಟಕಿ ಪರದೆಯ ಬಣ್ಣ ಆರಿಸಿದಷ್ಟೇ ಸರಳ. ಆದರೆ ಇದರೊಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ ಅಂತ ನನಗನ್ನಿಸುತ್ತೆ.

ಮೊದಲು ಪಟ್ಟೆಯ ವಿಷಯ. ಡಿಸ್ಕಸ್ ಅಮೆಜಾನ್ ಕೊಳ್ಳದ ಮೀನು. ತಟ್ಟೆಯ ಹಾಗೆ ದುಂಡಗೆ, ಎರಡೂ ಕಡೆಯಿಂದ ಚಪ್ಪಟೆ. ನೀರಿಗೆ ಬಿದ್ದ ಕೊಂಬೆ, ಬೇರುಗಳ ನಡುವೆ ಗುಂಪಾಗಿ ಬದುಕುತ್ತೆ. ಕಾಡಿನ ಡಿಸ್ಕಸ್ ಮೈಮೇಲೆ ಸಾಮಾನ್ಯವಾಗಿ 9 ಪಟ್ಟೆಗಳು ಬೆನ್ನಿನಿಂದ ಹೊಟ್ಟೆಗೆ ಇಳಿಯುತ್ತವೆ. ಮೊದಲನೆಯದು ಸರಿಯಾಗಿ ಕಣ್ಣಿನ ಮೇಲೇ ಹಾದುಹೋಗುತ್ತೆ, ಕೊನೆಯದು ಬಾಲದ ಬುಡದಲ್ಲಿ. ಕೊಂಬೆಗಳ ನೆರಳಿನಲ್ಲಿ ಈ ಗೆರೆಗಳು ಮೀನಿನ ಆಕಾರವನ್ನೇ ಒಡೆದುಬಿಡುತ್ತವೆ. ಯಾವುದು ಮೀನು, ಯಾವುದು ಕೊಂಬೆ ಅಂತ ಗೊತ್ತಾಗಲ್ಲ. 1840ರಲ್ಲಿ ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಹೆಕೆಲ್ ವರ್ಣಿಸಿದ ಜಾತಿಯಲ್ಲಿ ಮೊದಲನೆಯ, ಐದನೆಯ ಮತ್ತು ಒಂಬತ್ತನೆಯ ಪಟ್ಟೆಗಳು ಎದ್ದು ಕಾಣುತ್ತವೆ. ಇವತ್ತಿಗೂ ಅದಕ್ಕೆ ಹೆಕೆಲ್ ಡಿಸ್ಕಸ್ ಅಂತಲೇ ಹೆಸರು, ನಡುವಿನ ದಪ್ಪ ಪಟ್ಟೆಯೇ ಅದರ ಗುರುತು.

ಸ್ವಾರಸ್ಯ ಏನಂದ್ರೆ ಈ ಪಟ್ಟೆಗಳು ಹಚ್ಚೆಯ ಹಾಗೆ ಕಾಯಂ ಅಲ್ಲ. ಚರ್ಮದ ಕೆಲವು ಕೋಶಗಳಲ್ಲಿ ಮೆಲನಿನ್ ಅನ್ನೋ ಕಪ್ಪು ಕಣಗಳಿವೆ. ಅವು ಕೋಶದ ತುಂಬ ಹರಡಿಕೊಂಡರೆ ಪಟ್ಟೆ ಗಾಢವಾಗುತ್ತೆ, ನಡುವಿಗೆ ಮುದುಡಿಕೊಂಡರೆ ಮಸುಕಾಗುತ್ತೆ. ಇದನ್ನು ನಡೆಸೋದು ನರಗಳು ಮತ್ತು ಹಾರ್ಮೋನುಗಳು. ಹಾಗಾಗಿ ಮೀನು ಬೆದರಿದಾಗ, ನೀರು ಕೆಟ್ಟಾಗ, ಗುಂಪಿನ ದೊಡ್ಡ ಮೀನು ಅಟ್ಟಿಸಿಕೊಂಡು ಬಂದಾಗ ಪಟ್ಟೆಗಳು ನೋಡನೋಡುತ್ತಲೇ ಕಪ್ಪಾಗುತ್ತವೆ. ನೆಮ್ಮದಿಯಾದ ಮೇಲೆ ಮತ್ತೆ ಮರೆಯಾಗುತ್ತವೆ. ಸಾಕುವವರ ಭಾಷೆಯಲ್ಲಿ ಇದಕ್ಕೆ "ಸ್ಟ್ರೆಸ್ ಬಾರ್" ಅಂತಲೇ ಹೆಸರು. ನಮ್ಮಲ್ಲಿ ಬಣ್ಣ ಬದಲಿಸುವವರನ್ನು ಗೋಸುಂಬೆ ಅಂತ ಬೈತೀವಿ. ಇಲ್ಲಿ ಉಲ್ಟಾ: ಬಣ್ಣ ಬದಲಿಸೋದೇ ಪ್ರಾಮಾಣಿಕತೆ. ಈ ಮೀನಿಗೆ ನರಳೋಕೆ ದನಿಯಿಲ್ಲ. "ಇಲ್ಲೇನೋ ಸರಿಯಿಲ್ಲ" ಅಂತ ಹೇಳೋಕೆ ಅದಕ್ಕಿರುವ ದೊಡ್ಡ ಸಾಧನ ಈ 9 ಗೆರೆ.

ಈಗ ಮನುಷ್ಯರು ಮಾಡಿದ್ದು ನೋಡಿ. ಅಮೆರಿಕದ ಜ್ಯಾಕ್ ವ್ಯಾಟ್ಲಿಯಂಥವರು ಕಾಡು ಮೀನುಗಳಲ್ಲಿ ನೀಲಿ ಹೊಳಪು ಹೆಚ್ಚಿದ್ದವನ್ನೇ ಆರಿಸಿ, ತಲೆಮಾರುಗಳ ಕಾಲ ಜೋಡಿ ಮಾಡಿ ಟರ್ಕಾಯ್ಸ್ ತಳಿಗಳನ್ನು ಬೆಳೆಸಿದರು. ಆ ನೀಲಿ ನಿಜಕ್ಕೂ ಬಣ್ಣದ ಕಣದಿಂದ ಬಂದಿದ್ದಲ್ಲ. ಚರ್ಮದ ಕೋಶಗಳಲ್ಲಿರುವ ಸಣ್ಣ ಹರಳುಗಳು ಬೆಳಕನ್ನು ಪ್ರತಿಫಲಿಸುವ ಆಟ. ಆಮೇಲೆ ಸ್ನೇಕ್‌ಸ್ಕಿನ್ ಬಂತು. ಇದರಲ್ಲಿ 9ರ ಬದಲು ಸುಮಾರು 14 ಪಟ್ಟೆ, ಮೈತುಂಬ ಹಾವಿನ ಚರ್ಮದಂಥ ಸಣ್ಣ ಚಿತ್ತಾರ. 1990ರ ದಶಕದ ಆರಂಭದಲ್ಲಿ ಥಾಯ್ಲೆಂಡ್‌ನಿಂದ ಪಿಜನ್ ಬ್ಲಡ್ ಬಂತು. ತಿಳಿ ಹಳದಿ ಮೈ, ಮೇಲೆ ಕೆಂಪು-ಕಿತ್ತಳೆ ಚಿತ್ತಾರ, ಪಟ್ಟೆ ಮಾತ್ರ ಇಲ್ಲ. ಕಪ್ಪು ಕಣಗಳು ಪಟ್ಟೆಯಾಗಿ ಕೂಡುವ ಬದಲು ಮೈತುಂಬ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚದುರಿ ಕೂತಿರುತ್ತವೆ. ತಳಿಗಾರರು ಆ ಚುಕ್ಕೆಗಳನ್ನೂ ಕಡಿಮೆ ಮಾಡುತ್ತಾ ಹೋದರು. ಇವತ್ತು ಅಂಗಡಿಯಲ್ಲಿ ಕಾಣುವ ಕೆಂಪು, ಬಿಳಿ ಮೀನುಗಳಲ್ಲಿ ಬಹಳಷ್ಟು ಈ ವಂಶದವು.

ನನ್ನನ್ನು ಕಾಡೋದು ಇದೇ. ಒಂದು ಜೀವಿಯ ಸಂಕಟ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ ನಾವು ಎರಡು ಕೆಲಸ ಮಾಡಬಹುದು. ಸಂಕಟದ ಕಾರಣ ತೆಗೆಯಬಹುದು, ಇಲ್ಲವೇ ಸಂಕಟ ತೋರಿಸುವ ಶಕ್ತಿಯನ್ನೇ ತೆಗೆಯಬಹುದು. ಎರಡರಲ್ಲೂ ಟ್ಯಾಂಕ್ ಒಂದೇ ಥರ ಸುಂದರವಾಗಿ ಕಾಣುತ್ತೆ. ಆದರೆ ಎರಡೂ ಒಂದೇ ಅಲ್ಲ. ಆಫೀಸಿನಲ್ಲಿ ಕೆಲಸ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದ ಹೊರೆ ಇಳಿಸೋದು ಬೇರೆ, ಮೀಟಿಂಗಿನಲ್ಲಿ ಎಲ್ಲರೂ ನಗುಮುಖದಲ್ಲಿರಬೇಕು ಅನ್ನೋದು ಬೇರೆ. ಎರಡನೆಯದು ಸುಲಭ, ಖರ್ಚಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಪಿಜನ್ ಬ್ಲಡ್ ಮೀನು ಪಟ್ಟೆಯನ್ನು ಕಳೆದುಕೊಂಡಿಲ್ಲ, ಅದು ಹುಟ್ಟಿದ್ದೇ ಹಾಗೆ. ಆ ತಳಿ ಬೆಳೆಸದೇ ಇದ್ದಿದ್ದರೆ ಆ ಮೀನಿಗೆ ಪಟ್ಟೆ ಇರುತ್ತಿರಲಿಲ್ಲ, ಆ ಮೀನೇ ಇರುತ್ತಿರಲಿಲ್ಲ. ಹಾಗಿದ್ದ ಮೇಲೆ ಅನ್ಯಾಯ ಆಗಿದ್ದು ಯಾರಿಗೆ? ಇನ್ನೊಂದು ಮಾತು: ಟ್ಯಾಂಕಿನಲ್ಲೇ ತಲೆಮಾರುಗಟ್ಟಲೆ ಬೆಳೆದ ತಳಿಗಳು ನಮ್ಮ ನಲ್ಲಿ ನೀರಿಗೆ ಕಾಡಿನ ಮೀನಿಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತವೆ, ನದಿಯಿಂದ ಹಿಡಿದು ತರುವ ಅಗತ್ಯವೂ ಕಡಿಮೆಯಾಗುತ್ತೆ. ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಸಾಕುತಳಿಯ ಪರವಾದ ವಾದ, ಪಟ್ಟೆ ಅಳಿಸುವುದರ ಪರವಾದ ವಾದ ಅಲ್ಲ. ಪಟ್ಟೆ ಇರುವ ಸಾಕುತಳಿಗಳೂ ಬೇಕಾದಷ್ಟಿವೆ.

ಮೊದಲನೆಯದಕ್ಕೆ ಉತ್ತರ ಹುಡುಕೋಕೆ ಮರಿಗಳ ಕಡೆ ನೋಡಬೇಕು. ಡಿಸ್ಕಸ್ ಮರಿಗಳು ಈಜೋಕೆ ಶುರು ಮಾಡಿದ ಮೇಲೆ ಅಪ್ಪ-ಅಮ್ಮನ ಮೈಗೆ ಅಂಟಿಕೊಂಡು, ಚರ್ಮದ ಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಹೆಚ್ಚುಕಡಿಮೆ ಹಾಲುಣಿಸಿದ ಹಾಗೆ, ಅದರಲ್ಲೂ ಇಲ್ಲಿ ಅಪ್ಪನೂ ಉಣಿಸುತ್ತಾನೆ. 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧನೆಯ ಪ್ರಕಾರ, ಮರಿಗಳಿರುವ ದಿನಗಳಲ್ಲಿ ಈ ಲೋಳೆಯಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಅಂಶ ಹೆಚ್ಚುತ್ತವೆ. ಮೂರು ವಾರ ಆದಮೇಲೆ ಪೋಷಕರು ಮೆಲ್ಲಗೆ ದೂರ ಸರಿದು ಹಾಲು ಬಿಡಿಸಿದ ಹಾಗೆ ಮಾಡುತ್ತವೆ. ಮರಿ ಸಾಕುವ ಹೊತ್ತಿಗೆ ಸಾಮಾನ್ಯ ಡಿಸ್ಕಸ್‌ಗಳ ಮೈ ಗಾಢವಾಗುತ್ತೆ. ಕಣ್ಣು ಸರಿಯಾಗಿ ಬಲಿಯದ ಮರಿಗೆ ಆ ಕಪ್ಪು ಮೈ "ಊಟ ಇಲ್ಲಿದೆ, ಬಾ" ಅನ್ನೋ ಕರೆ ಇದ್ದ ಹಾಗೆ. ಪಿಜನ್ ಬ್ಲಡ್ ಪೋಷಕರಿಗೆ ಮೈ ಕಪ್ಪು ಮಾಡೋಕೆ ಆಗಲ್ಲ. ಹಾಗಾಗಿ ಅವುಗಳ ಮರಿಗಳಿಗೆ ಅಪ್ಪ-ಅಮ್ಮ ಸುಲಭವಾಗಿ ಸಿಗಲ್ಲ ಅನ್ನೋದು ತಳಿಗಾರರಲ್ಲಿ ಹಳೆಯ ದೂರು. ಟ್ಯಾಂಕಿನ ಹಿನ್ನೆಲೆ ತಿಳಿಯಾಗಿಡೋದು, ನೀರಿನ ಮಟ್ಟ ಇಳಿಸೋದು ಅಂತ ಏನೇನೋ ಉಪಾಯ ಮಾಡುತ್ತಾರೆ.

ಹಾಗಾಗಿ ಅನ್ಯಾಯ ಯಾರಿಗೆ ಅಂದ್ರೆ, "ಇಂಥ ಮೀನಿಗೆ" ಅಂತ ಬೊಟ್ಟು ಮಾಡಬೇಕಾಗಿಲ್ಲ. ಮೀನು-ಮೀನಿನ ನಡುವೆ, ಮೀನು-ಮರಿಯ ನಡುವೆ, ಮೀನು-ಸಾಕುವವರ ನಡುವೆ ಇದ್ದ ಒಂದು ಮಾತುಕತೆಯನ್ನು ನಾವು ಕತ್ತರಿಸಿದ್ದೇವೆ. ಅದರಿಂದ ನಮಗೆ ಸಿಕ್ಕಿದ್ದು ಗೋಡೆಗೆ ಒಪ್ಪುವ ಬಣ್ಣ. ಚಪ್ಪಟೆ ಮೂತಿಯ ಪಗ್ ನಾಯಿ ಉಸಿರಾಡೋಕೆ ಒದ್ದಾಡೋದನ್ನು ಕಂಡು ಎಷ್ಟೋ ಜನ ಈಗ ಎರಡು ಸಲ ಯೋಚನೆ ಮಾಡುತ್ತಾರೆ. ಅಲ್ಲಿ ಕಷ್ಟ ಕಾಣುತ್ತೆ, ಕೇಳುತ್ತೆ. ಡಿಸ್ಕಸ್ ವಿಷಯದಲ್ಲಿ ಅಳಿಸಿಹೋಗಿರೋದು ಕಷ್ಟ ಕಾಣಿಸುವ ದಾರಿಯೇ. ಅದಕ್ಕೇ ಯಾರಿಗೂ ಮನಸ್ಸು ಚುಚ್ಚಲ್ಲ.

ಪಿಜನ್ ಬ್ಲಡ್ ಸಾಕುವವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಇನ್ನೂ ಎಚ್ಚರದಿಂದ ನೋಡಿಕೊಳ್ಳಬೇಕು, ಅಷ್ಟೇ. ಪಟ್ಟೆ ಹೇಳದ್ದನ್ನು ಬೇರೆ ಗುರುತುಗಳಿಂದ ಓದಬೇಕಾಗುತ್ತೆ. ಮೂಲೆ ಹಿಡಿದು ನಿಂತಿದೆಯಾ? ರೆಕ್ಕೆ ಮುದುಡಿದೆಯಾ? ಒಂದೇ ಕಿವಿರಿನಲ್ಲಿ ಉಸಿರಾಡ್ತಿದೆಯಾ? ಮಲ ಬಿಳಿ ದಾರದ ಹಾಗಿದೆಯಾ? ಊಟ ಹಾಕಿದಾಗ ಮುಂದೆ ಬರಲ್ವಾ? ಪಟ್ಟೆ ಇರುವ ಮೀನಿಗೂ ಇವೆಲ್ಲ ನೋಡಬೇಕು, ಆದರೆ ಅಲ್ಲಿ ಮೀನೇ ಮೊದಲು ಸುಳಿವು ಕೊಡುತ್ತೆ.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಬಣ್ಣಕ್ಕಿಂತ ಮೊದಲು ಆಕಾರ ನೋಡಿ: ಮೈ ದುಂಡಗಿರಬೇಕು, ಕಣ್ಣು ಮೈಗೆ ತಕ್ಕಷ್ಟೇ ಇರಬೇಕು. ಸಣ್ಣ ಮೈಯಲ್ಲಿ ದೊಡ್ಡ ಕಣ್ಣು ಕಂಡರೆ ಅದು ಬೆಳವಣಿಗೆ ಕುಂಠಿತವಾದ ಮೀನು. ತೀರಾ ಚಿಕ್ಕ ಮರಿಯಲ್ಲೇ ದೊಡ್ಡ ಮೀನಿನ ಬಣ್ಣ ಝಗಮಗಿಸ್ತಿದ್ದರೆ ಅನುಮಾನ ಪಡಿ. ಮರಿಗಳಿಗೆ ಹಾರ್ಮೋನ್ ಕೊಟ್ಟು ಬಣ್ಣ ಬರಿಸುವವರಿದ್ದಾರೆ, ಮನೆಗೆ ಬಂದಮೇಲೆ ಅದು ಇಳಿದುಹೋಗುತ್ತೆ. ಒಂದೆರಡು ತರಬೇಡಿ, ಗುಂಪಿನ ಮೀನು ಇದು, ಆರಾದರೂ ಇರಲಿ. ನೀರು 28ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಬೋರ್‌ವೆಲ್‌ನ ಗಡಸು ನೀರಾದರೆ ಮೊದಲೇ ಪರೀಕ್ಷಿಸಿ. ಇಷ್ಟೆಲ್ಲ ಆದಮೇಲೆ ಬಣ್ಣ ಆರಿಸುವಾಗ, ಆದಷ್ಟು ಪಟ್ಟೆ ತೋರಿಸಬಲ್ಲ ತಳಿಯನ್ನೇ ಆರಿಸಿ. ನಾವು ಕೊಂಡಿದ್ದನ್ನೇ ತಳಿಗಾರರು ಬೆಳೆಸುತ್ತಾರೆ, ಇದರಲ್ಲಿ ಗುಟ್ಟೇನಿಲ್ಲ.

ಅಂಥ ಮೀನು ಪಟ್ಟೆ ಎಬ್ಬಿಸಿದ ದಿನ ಟ್ಯಾಂಕ್ ಅಷ್ಟು ಚೆಂದ ಕಾಣಲ್ಲ, ನಿಜ. ಆದರೆ ತನ್ನ ಕಷ್ಟ ಹೇಳಬಲ್ಲ ಜೀವಿಯನ್ನು ಮನೆಗೆ ತರೋದು ಅಂದ್ರೆ, ಅದು ಹೇಳಿದ ದಿನ ಎಷ್ಟೇ ಸುಸ್ತಾಗಿದ್ದರೂ ಎದ್ದು ನೀರು ಬದಲಿಸ್ತೀನಿ ಅಂತ ಒಪ್ಪಿಕೊಂಡ ಹಾಗೆ. ಆ ಒಪ್ಪಿಗೆ ಕೊಡೋಕೆ ಮನಸ್ಸಿಲ್ಲದಿದ್ದರೆ ಗೋಡೆಗೆ ಒಂದು ಒಳ್ಳೆಯ ಚಿತ್ರ ತೂಗುಹಾಕಿ. ಅದಕ್ಕೂ ಬೇಕಾದ ಬಣ್ಣ ಸಿಗುತ್ತೆ.