ಮಾಡದ ತಪ್ಪಿನ ಪಶ್ಚಾತ್ತಾಪ

ಭುಜದ ಮೇಲೆ ಗೋಣಿಚೀಲ ಹೊತ್ತ ಮುದುಕನೊಬ್ಬ ಮರುಭೂಮಿಯಂಥ ಬಯಲಿನಲ್ಲಿ ಒಬ್ಬನೇ ನಡೆಯುತ್ತಿದ್ದಾನೆ. ದೂರದಲ್ಲೊಂದು ಹಳೆಯ ಮರದ ಕೊಟ್ಟಿಗೆ. ಚೀಲದಲ್ಲಿರುವುದು ಒಂದು ಅಸ್ತ್ರ. ಆ ಕೊಟ್ಟಿಗೆಯಲ್ಲಿ ಕೂತು ಅವನು ತಾನು ಹುಟ್ಟಿದ ಗ್ರಹವನ್ನೇ ಸುಡಲು ಹೊರಟಿದ್ದಾನೆ. ಸುಟ್ಟರೆ ಯುದ್ಧ ನಿಲ್ಲುತ್ತದೆ, ಉಳಿದ ಬ್ರಹ್ಮಾಂಡ ಬದುಕುತ್ತದೆ. ಸುಡದಿದ್ದರೆ ಎಲ್ಲವೂ ಹೋಗುತ್ತದೆ. ತೊಡಕೇನೆಂದರೆ, ಆ ಗ್ರಹದಲ್ಲಿ ಮಕ್ಕಳೂ ಇದ್ದಾರೆ.

ಇದು 'ದಿ ಡೇ ಆಫ್ ದಿ ಡಾಕ್ಟರ್'ನ ದೃಶ್ಯ. 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟೆಲಿವಿಷನ್ ಸರಣಿಗೆ ಐವತ್ತು ತುಂಬಿದ ದಿನ, 2013ರ ನವೆಂಬರ್ 23ರಂದು, 94 ದೇಶಗಳಲ್ಲಿ ಒಂದೇ ಸಮಯಕ್ಕೆ ಪ್ರಸಾರವಾದ ವಿಶೇಷ ಕಂತು. ಸರಣಿಯನ್ನು ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಕಾಲಯಾತ್ರಿ, ಹೊರಗಿನಿಂದ ಚಿಕ್ಕದಾಗಿ ಒಳಗಡೆ ವಿಶಾಲವಾಗಿರುವ ನೀಲಿ ಪೊಲೀಸ್ ಪೆಟ್ಟಿಗೆಯೊಂದರಲ್ಲಿ ಅಲೆಯುತ್ತಾನೆ. ಸಾವು ಹತ್ತಿರ ಬಂದಾಗ ಸಾಯುವ ಬದಲು ಮೈ ಬದಲಿಸುತ್ತಾನೆ. ನಟರು ಬದಲಾದರೂ ಪಾತ್ರ ಮುಂದುವರಿಯಲು ಕಂಡುಕೊಂಡ ಜಾಣ ಉಪಾಯ ಅದು. 1963ರಲ್ಲಿ ಇದರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ್ದು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ಆಗ ಅವರಿಗೆ ಇಪ್ಪತ್ನಾಲ್ಕು. ಹಿಂದಿನ ದಿನವಷ್ಟೇ ಕೆನಡಿಯ ಹತ್ಯೆಯಾಗಿತ್ತು. ಆ ಸುದ್ದಿಯಲ್ಲಿ ಮೊದಲ ಕಂತು ಮುಳುಗಿಹೋಗಿದ್ದರಿಂದ ಮರುವಾರ ಎರಡನೆಯ ಕಂತಿಗೆ ಮುಂಚೆ ಅದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

1989ರಲ್ಲಿ ನಿಂತ ಸರಣಿ 2005ರಲ್ಲಿ ಮರಳಿ ಬಂದಾಗ ಡಾಕ್ಟರನ ಬೆನ್ನಿಗೆ ಹೊಸದೊಂದು ಹೊರೆ ಬಿದ್ದಿತ್ತು. ಡಾಲೆಕ್ ಎಂಬ ಕೊಲೆಗಡುಕ ಜೀವಿಗಳೊಡನೆ ಅವನ ಜನ ನಡೆಸಿದ ಕಾಲಯುದ್ಧವನ್ನು ಕೊನೆಗಾಣಿಸಲು ಅವನು ಎರಡೂ ಕಡೆಯವರನ್ನು ಸುಟ್ಟಿದ್ದ. ಅವನ ಗ್ರಹ ಗ್ಯಾಲಿಫ್ರೇ ಉಳಿದಿರಲಿಲ್ಲ. ಮುಂದಿನ ಎಂಟು ವರ್ಷ ನಾವು ನೋಡಿದ ತಮಾಷೆಯ, ವಾಚಾಳಿ, ಕೆಲವೊಮ್ಮೆ ಭಯ ಹುಟ್ಟಿಸುವ ಮನುಷ್ಯ ಈ ಪಾಪಪ್ರಜ್ಞೆಯಿಂದ ರೂಪುಗೊಂಡವನು. 1975ರ ಒಂದು ಹಳೆಯ ಕಥೆಯಲ್ಲಿ ಇದೇ ಡಾಕ್ಟರ್ ಎರಡು ತಂತಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ತಾಗಿಸಿದ್ದರೆ ಡಾಲೆಕ್‌ಗಳು ಹುಟ್ಟುವ ಮುನ್ನವೇ ನಾಶವಾಗುತ್ತಿದ್ದವು. ಆ ಹಕ್ಕು ತನಗಿದೆಯೇ ಎಂದು ಅವನು ಹಿಂಜರಿದ. ಅಂದು ಶತ್ರುಗಳ ಮೇಲೂ ಕೈ ಮಾಡಲಾರದವನು ಮುಂದೆ ತನ್ನವರನ್ನೇ ಸುಟ್ಟ ಎಂಬುದು ಹೊಸ ಸರಣಿಯ ದುರಂತ.

ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ 1973ರಲ್ಲಿ 'ಕೊಳೆಯಾದ ಕೈಗಳು' ಎಂಬ ಸಮಸ್ಯೆಯ ಬಗ್ಗೆ ಬರೆದಿದ್ದರು. ದೊಡ್ಡ ಕೇಡು ತಪ್ಪಿಸಲು ನಾಯಕನೊಬ್ಬ ಹೀನವಾದದ್ದನ್ನು ಮಾಡಬೇಕಾಗಿ ಬರಬಹುದು. ಮಾಡಿದ್ದು ಅಗತ್ಯವಾಗಿತ್ತು ಎಂದ ಮಾತ್ರಕ್ಕೆ ಅವನ ಕೈ ಶುಚಿಯಾಗುವುದಿಲ್ಲ. ಅವನು ಒಳ್ಳೆಯವನೆಂದು ನಮಗೆ ತಿಳಿಯುವುದೇ ಅವನು ತಪ್ಪಿತಸ್ಥ ಭಾವ ಹೊತ್ತು ತಿರುಗುವುದರಿಂದ. 2005ರ ನಂತರದ ಡಾಕ್ಟರ್ ಅಂಥವನು.

ಐವತ್ತನೇ ವರ್ಷದ ಕಂತು ಈ ಕೃತ್ಯವನ್ನೇ ರದ್ದು ಮಾಡುತ್ತದೆ. ಕೊಟ್ಟಿಗೆಯ ಮುದುಕನ (ಜಾನ್ ಹರ್ಟ್) ಬಳಿಗೆ ಮುಂದಿನ ಕಾಲದ ತನ್ನದೇ ಎರಡು ರೂಪಗಳು ಬರುತ್ತವೆ. ಅಸ್ತ್ರವಂತೂ ಎಷ್ಟು ಸೂಕ್ಷ್ಮವಾದದ್ದೆಂದರೆ ಅದಕ್ಕೇ ಒಂದು ಅಂತಃಸಾಕ್ಷಿ ಹುಟ್ಟಿಬಿಟ್ಟಿದೆ. ಅದು ಹುಡುಗಿಯ ರೂಪ ತಾಳಿ ಮಾತಾಡುತ್ತದೆ. ಕಡೆಗೆ ಡಾಕ್ಟರನ ಎಲ್ಲ ರೂಪಗಳೂ ಸೇರಿ ಗ್ರಹವನ್ನು ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಬೇರೆಡೆ ಬಚ್ಚಿಡುತ್ತವೆ. ಸುತ್ತುವರಿದಿದ್ದ ಡಾಲೆಕ್‌ಗಳು ತಮ್ಮ ಗುಂಡಿಗೆ ತಾವೇ ಬಲಿ. ಹೊರಗಿನಿಂದ ನೋಡುವವರಿಗೆ ಎರಡೂ ಕಡೆ ನಾಶವಾದಂತೆಯೇ ಕಾಣುತ್ತದೆ.

ಮೊದಲ ಸಲ ನೋಡಿದಾಗ ನನಗೆ ಮೋಸ ಹೋದಂತೆ ಅನ್ನಿಸಿತ್ತು. ಹಾಸ್ಟೆಲಿನಲ್ಲಿ ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ನೋಡಿ ರಾತ್ರಿಯಿಡೀ ವಾದ ಮಾಡಿದ್ದೆ. ಕೆಲವರನ್ನು ಕೊಂದು ಹಲವರನ್ನು ಉಳಿಸಬಹುದೇ ಎಂಬ ಕಠಿಣ ಪ್ರಶ್ನೆ ಎತ್ತಿ, ಉತ್ತರಿಸುವ ಹೊತ್ತಿಗೆ ಮೂರನೆಯ ದಾರಿಯೊಂದನ್ನು ತೆರೆದುಬಿಡುವುದು ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ತಿದ್ದಿ ಬರೆದ ಹಾಗೆ. ಆ ಕಂತನ್ನು ಬರೆದ ಸ್ಟೀವನ್ ಮೊಫಾಟ್‌ಗೆ ಇಂಥ ಕೃತ್ಯ ಡಾಕ್ಟರನಿಗೆ ಒಗ್ಗುವುದಿಲ್ಲ ಎನಿಸಿರಬೇಕು. ಒಗ್ಗದ್ದನ್ನು ಮಾಡಬೇಕಾಗಿ ಬಂದದ್ದೇ ಆ ಪಾತ್ರದ ತೂಕವಾಗಿತ್ತಲ್ಲ?

ಆದರೆ ಕಂತಿನ ಕೊನೆಯಲ್ಲಿ ಒಂದು ಸಣ್ಣ ಷರತ್ತಿದೆ. ಆಗ ನಾನು ಅದನ್ನು ಗಮನಿಸಿಯೂ ಗಮನಿಸಿರಲಿಲ್ಲ. ಕಾಲಪ್ರವಾಹಗಳು ಬೆರೆತಿರುವುದರಿಂದ ನಡೆದದ್ದು ಹಿರಿಯ ರೂಪಕ್ಕೆ ಮಾತ್ರ ನೆನಪಿರುತ್ತದೆ. ಕೊಟ್ಟಿಗೆಯ ಮುದುಕ ಎಲ್ಲವನ್ನೂ ಮರೆಯುತ್ತಾನೆ. ಗ್ರಹವನ್ನು ಉಳಿಸಿದವನೇ ಅದನ್ನು ಸುಟ್ಟೆನೆಂದು ನಂಬಿ ಮುಂದಿನ ನಾನೂರು ವರ್ಷ ಬೇಯುತ್ತಾನೆ. ಅಂದರೆ ನಾವು ಎಂಟು ವರ್ಷ ನೋಡಿದ ಸಂಕಟವೆಲ್ಲ ಅವನು ಮಾಡದ ಕೆಲಸಕ್ಕೆ ಪಟ್ಟದ್ದು.

ಇದು ನನ್ನನ್ನು ಮತ್ತೆ ಹಿಡಿದುಕೊಳ್ಳಲು ಕಾರಣ ಬೇರೆ. ಪದವಿಯ ಎರಡನೇ ವರ್ಷದಲ್ಲಿ ಒಂದು ಸಂಜೆ ಲೈಬ್ರರಿಯಲ್ಲಿದ್ದಾಗ ಊರಿನಿಂದ ಅಜ್ಜನ ಫೋನು ಬಂತು. ಸೈಲೆಂಟಿನಲ್ಲಿತ್ತು, ಆದರೂ ನೋಡಿದೆ. ಅಜ್ಜನ ಮಾತು ಶುರುವಾದರೆ ಮಳೆ, ಅಡಿಕೆ, ಬಸ್ಸಿನ ವೇಳೆ ಎಂದು ಅರ್ಧ ಗಂಟೆ. ನಾಳೆ ಮಾಡಿದರಾಯಿತು ಎಂದು ಬಿಟ್ಟೆ. ಬೆಳಗಿನ ಜಾವ ಅಜ್ಜ ಹೋದರು. ಅವರು ಏನು ಹೇಳಲು ಹೊರಟಿದ್ದರು ಎಂಬುದನ್ನು ನಾನು ಮೂರು ವರ್ಷ ಊಹಿಸುತ್ತಲೇ ಇದ್ದೆ. ಆಮೇಲೊಂದು ಹಬ್ಬಕ್ಕೆ ಹೋದಾಗ ಅತ್ತೆ ಕಾಯಿ ತುರಿಯುತ್ತ ಮಾತಿನ ನಡುವೆ ಹೇಳಿದರು: ಅವತ್ತು ಅಜ್ಜ ಊಟ ಬೇಡವೆಂದು ಏಳಕ್ಕೇ ಮಲಗಿದ್ದರು, ಅವರ ಫೋನಿನಿಂದ ನನಗೆ ಮಾಡಿದ್ದು ಅತ್ತೆಯೇ. ಆಧಾರ್ ಕಾರ್ಡಿನ ವಿಷಯವೇನೋ ಕೇಳಬೇಕಿತ್ತಂತೆ.

ನಿರಾಳವಾಗಬೇಕಿತ್ತು. ಆಗಲಿಲ್ಲ. ಯಾರೋ ನನ್ನಿಂದ ಏನನ್ನೋ ಕಿತ್ತುಕೊಂಡಂತೆ ಆಯಿತು. ಮೂರು ವರ್ಷದ ಆ ಸಂಕಟದ ಮೇಲೆಯೇ ನಾನೊಬ್ಬ ಸ್ವಲ್ಪ ಉತ್ತಮ ಮನುಷ್ಯ ಎಂಬ ಕಲ್ಪನೆಯನ್ನು ಕಟ್ಟಿಕೊಂಡಿದ್ದೆ. ಇಂದಿಗೂ ಊರಿನಿಂದ ಫೋನು ಬಂದರೆ ಸೆಮಿನಾರಿನ ನಡುವಿನಿಂದಲೂ ಎದ್ದು ಹೋಗುತ್ತೇನೆ. ಅದು ಪ್ರೀತಿಯೋ ಬರೀ ಹೆದರಿಕೆಯೋ, ನನಗೆ ಖಾತ್ರಿಯಿಲ್ಲ.

ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ತ್ವಜ್ಞಾನಿ ಕೊಟ್ಟ ಉದಾಹರಣೆಯೊಂದಿದೆ. ಲಾರಿ ಚಾಲಕನೊಬ್ಬ, ತನ್ನ ಕಡೆಯಿಂದ ಏನೂ ತಪ್ಪಿಲ್ಲದೆ, ಒಂದು ಮಗುವಿನ ಮೇಲೆ ಹರಿಸಿಬಿಡುತ್ತಾನೆ. ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ, ಹೇಳಲೂಬೇಕು. ಆದರೆ ಅವನು ಚಕ್ಕನೆ ಆ ಮಾತನ್ನು ಒಪ್ಪಿ ಮುಂದೆ ಹೋದರೆ ನಮಗೇ ಅವನ ಬಗ್ಗೆ ಏನೋ ಅನುಮಾನ. ದಾರಿಬದಿಯಲ್ಲಿ ನಿಂತು ನೋಡಿದವನ ದುಃಖಕ್ಕೂ ಚಾಲಕನ ದುಃಖಕ್ಕೂ ವ್ಯತ್ಯಾಸ ಇರಲೇಬೇಕೆನ್ನುತ್ತಾರೆ ವಿಲಿಯಮ್ಸ್. ಆದರೆ ಅವನ ಲಾರಿ ಹರಿದಿದೆ, ಮಗು ಸತ್ತಿದೆ. ಡಾಕ್ಟರನ ವಿಷಯದಲ್ಲಿ ಮಗುವೇ ಸತ್ತಿಲ್ಲ.

ನಿಜ ಚರಿತ್ರೆಯಲ್ಲಿ ಇದಕ್ಕೆ ಹತ್ತಿರವಾದವನು ಕ್ಲಾಡ್ ಈದರ್ಲಿ. 1945ರ ಆಗಸ್ಟ್ 6ರ ಬೆಳಿಗ್ಗೆ ಬಾಂಬ್ ಹಾಕಿದ ವಿಮಾನಕ್ಕಿಂತ ಮುಂದೆ ಹೋಗಿ, ಹಿರೋಶಿಮಾದ ಮೇಲಿನ ಹವಾಮಾನ ನೋಡಿ ಅನುಕೂಲವಾಗಿದೆ ಎಂದು ತಿಳಿಸಿದ ಅಮೆರಿಕನ್ ಪೈಲಟ್. ಅವನು ಬಾಂಬ್ ಹಾಕಲಿಲ್ಲ. ಆದರೂ ಯುದ್ಧದ ನಂತರ ಆತ್ಮಹತ್ಯೆಗೆ ಯತ್ನಿಸಿ, ಸಣ್ಣಪುಟ್ಟ ಅಪರಾಧ ಮಾಡಿ ಸಿಕ್ಕಿಬಿದ್ದು, ಮನೋರೋಗಿಗಳ ಆಸ್ಪತ್ರೆ ಸೇರಿದ. ಅಲ್ಲಿಂದ ಅವನು ತತ್ತ್ವಜ್ಞಾನಿ ಗುಂಥರ್ ಆಂಡರ್ಸ್ ಜೊತೆ ಪತ್ರವ್ಯವಹಾರ ನಡೆಸಿದ. ಬಾಂಬ್ ಹಾಕಿದ ವಿಮಾನದ ಪೈಲಟ್ ಪಾಲ್ ಟಿಬೆಟ್ಸ್ 2007ರಲ್ಲಿ ಸಾಯುವವರೆಗೂ ತನಗೆ ಪಶ್ಚಾತ್ತಾಪವಿಲ್ಲವೆಂದೇ ಹೇಳಿದ. ಈದರ್ಲಿಯ ಪಾಪಪ್ರಜ್ಞೆ ಕಟ್ಟುಕಥೆ ಎಂದು ವಾದಿಸುವ ಪುಸ್ತಕವೂ 1964ರಲ್ಲಿ ಬಂತು. ಹೆಚ್ಚು ಮಾಡಿದವನು ನಿದ್ದೆ ಮಾಡಿದ, ಕಡಿಮೆ ಮಾಡಿದವನು ನರಳಿದ, ಆ ನರಳಿಕೆಗೂ ಪುರಾವೆ ಕೇಳಲಾಯಿತು. ಯಾರಿಗೆ ಎಷ್ಟು ಸಂಕಟ ಸಲ್ಲಬೇಕು ಎಂದು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ.

ಕನ್ನಡದಲ್ಲಿ ಪಶ್ಚಾತ್ತಾಪಕ್ಕಿಂತ ದೊಡ್ಡ ಪ್ರಾಯಶ್ಚಿತ್ತವಿಲ್ಲ ಎನ್ನುತ್ತೇವೆ. ಈ ಮಾತು ಎರಡನ್ನೂ ಬೆರೆಸಿಬಿಡುತ್ತದೆ. ಪ್ರಾಯಶ್ಚಿತ್ತ ಒಂದು ಕೆಲಸ. ಪಶ್ಚಾತ್ತಾಪ ಬರೀ ತಾಪ, ಅದೂ ಹೆಸರೇ ಹೇಳುವಂತೆ ಆಮೇಲೆ ಬರುವಂಥದ್ದು. ಕಾಲಯಾತ್ರಿಯ ಕಥೆಯಲ್ಲಿ ಈ 'ಪಶ್ಚಾತ್' ಎಂಬುದೇ ತಲೆಕೆಳಗಾಗುತ್ತದೆ. ನಾನೂರು ವರ್ಷ ಬೆಂದವರು ಆ ಕೊಟ್ಟಿಗೆಗೆ ಹಿಂದಿರುಗಿದ್ದರಿಂದಲೇ ಮುದುಕನ ಕೈ ನಿಂತಿತು. ಸಂಕಟ ಇಲ್ಲದಿದ್ದರೆ ಗ್ರಹ ಉರಿಯುತ್ತಿತ್ತು. ಉರಿಯಲಿಲ್ಲವಾದ್ದರಿಂದ ಸಂಕಟಕ್ಕೆ ಕಾರಣವೇ ಇರಲಿಲ್ಲ.

ಹಾಗಾದರೆ ಸುಳ್ಳು ಪಾಪಪ್ರಜ್ಞೆಯೂ ಒಳ್ಳೆಯದೇ? ಇಲ್ಲಿ ನನಗೆ ಭಯವಾಗುತ್ತದೆ. ಮಾಡದ ತಪ್ಪನ್ನು ಮನುಷ್ಯರ ತಲೆಗೆ ಕಟ್ಟಿ ಅವರನ್ನು ವಿಧೇಯರನ್ನಾಗಿಸುವುದು ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಸೊಸೆ ಬಂದ ವರ್ಷ ಹಸು ಸತ್ತರೆ ಅದು ಅವಳ ಕಾಲ್ಗುಣ. ಅವಳೂ ಅದನ್ನು ನಂಬಿ ಇನ್ನಷ್ಟು ದುಡಿಯುತ್ತಾಳೆ, ಇನ್ನಷ್ಟು ತಗ್ಗಿ ನಡೆಯುತ್ತಾಳೆ. ಅಲ್ಲಿಯೂ ಮಾಡದ ತಪ್ಪಿನಿಂದ 'ಒಳ್ಳೆಯ ನಡತೆ' ಹುಟ್ಟಿತಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಡಾಕ್ಟರನ ಮೇಲೆ ಆ ಹೊರೆಯನ್ನು ಬೇರಾರೂ ಹೊರಿಸಲಿಲ್ಲ. ಅಸ್ತ್ರವನ್ನು ಕದ್ದು ಕೊಟ್ಟಿಗೆಯವರೆಗೆ ಹೊತ್ತು ತಂದದ್ದು ಅವನ ಕಾಲುಗಳೇ. ಫೋನನ್ನು ನೋಡಿಯೂ ಎತ್ತದೇ ಇದ್ದದ್ದು ನಾನೇ, ಆ ಕಡೆ ಯಾರಿದ್ದರೂ ಸರಿ. ಕಾಲ್ಗುಣದ ಸೊಸೆ ಏನನ್ನೂ ಮಾಡಲಿಲ್ಲ, ಮಾಡಲು ಹೊರಡಲೂ ಇಲ್ಲ.

ಇದೇ ಕಂತಿನಲ್ಲಿ ಇನ್ನೊಂದು ಮರೆವಿದೆ. ಲಂಡನ್ನಿನ ರಹಸ್ಯ ಉಗ್ರಾಣವೊಂದರಲ್ಲಿ ಮನುಷ್ಯರೂ ಅವರದೇ ರೂಪ ತಾಳಿದ ಝೈಗಾನ್‌ಗಳೂ ಎದುರುಬದುರು ಕೂತಿದ್ದಾರೆ. ಉಗ್ರಾಣ ಶತ್ರುವಿನ ಕೈಗೆ ಸಿಗದಿರಲಿ ಎಂದು ನಗರವನ್ನೇ ಸ್ಫೋಟಿಸುವ ಗಡಿಯಾರ ಓಡುತ್ತಿದೆ. ಆಗ ಡಾಕ್ಟರ್ ಎಲ್ಲರ ನೆನಪನ್ನೂ ಅಳಿಸುತ್ತಾನೆ. ಯಾರು ಮನುಷ್ಯರು, ಯಾರು ಝೈಗಾನ್ ಎಂಬುದು ಅವರಿಗೇ ಗೊತ್ತಿಲ್ಲ. ಗಡಿಯಾರ ನಿಲ್ಲಿಸಿ ಒಪ್ಪಂದಕ್ಕೆ ಕೂರುತ್ತಾರೆ. ತಾನು ಯಾವ ಕಡೆಯವನೆಂದು ತಿಳಿಯದವನು ಎರಡೂ ಕಡೆಗೆ ನ್ಯಾಯವಾಗಿಯೇ ಬರೆಯಬೇಕು. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ 'ಅಜ್ಞಾನದ ಪರದೆ'ಯೇ ಎಂದು ಕೂಡಲೇ ಹೊಳೆಯುತ್ತದೆ. ತಾನು ಯಾರೆಂಬುದನ್ನು ಮರೆತರೆ ನ್ಯಾಯ ಸಾಧ್ಯ. ತಾನು ಏನು ಮಾಡಿದೆ ಎಂಬುದನ್ನು ಮರೆತರೆ? ಈ ಎರಡನೆಯದಕ್ಕೆ ರಾಲ್ಸ್ ಬಳಿ ಉತ್ತರವಿಲ್ಲ, ಕಂತಿನ ಬಳಿಯೂ ಇಲ್ಲ. (ಆ ಒಪ್ಪಂದವಾದರೂ ಬಾಳಿತೇ ಎಂದರೆ, 2015ರ ಕಂತುಗಳಲ್ಲಿ ಅದು ಮುರಿದುಬೀಳುತ್ತದೆ.)

ಗ್ರಹ ಉಳಿಯುವ ಗದ್ದಲಕ್ಕಿಂತ ತುಸು ಮೊದಲಿನ ಕ್ಷಣವೇ ಈಗ ನನಗೆ ಈ ಕಂತಿನ ತಿರುಳು. ಅದಕ್ಕೂ ಮುನ್ನ ಮೂವರೂ ಒಟ್ಟಿಗೆ ಸೆರೆಯಲ್ಲಿದ್ದಾಗ ಮುದುಕ ಕೇಳಿರುತ್ತಾನೆ, ಅಂದು ಗ್ರಹದಲ್ಲಿ ಎಷ್ಟು ಮಕ್ಕಳಿದ್ದರು ಎಂದು ಎಂದಾದರೂ ಎಣಿಸಿದಿರಾ? ಕೊನೆಯವನು ತನಗೆ ಗೊತ್ತಿಲ್ಲ ಎನ್ನುತ್ತಾನೆ. ನಡುವಿನವನು ಸಂಖ್ಯೆಯನ್ನೇ ಹೇಳುತ್ತಾನೆ: 247 ಕೋಟಿ. ಮರೆತುಬಿಟ್ಟೆಯಾ ಎಂದು ಅವನು ತನ್ನ ಮೇಲೆಯೇ ರೇಗುತ್ತಾನೆ. ಆಮೇಲೆ ಕೊಟ್ಟಿಗೆಯಲ್ಲಿ, ಬೇರೆ ದಾರಿಯೇ ಇಲ್ಲವೆಂದು ಮೂವರೂ ನಂಬಿದ್ದಾಗ, ಎಣಿಸಿದವನೂ ಎಣಿಸದವನೂ ಮುಂದೆ ಬಂದು ಮುದುಕನ ಕೈಯ ಜೊತೆ ತಮ್ಮ ಕೈಯನ್ನೂ ಗುಂಡಿಯ ಮೇಲೆ ಇಡುತ್ತಾರೆ. ಅವನೊಬ್ಬನೇ ಮಾಡಬೇಕಾಗಿ ಬರಬಾರದು ಎಂದು. ಅದು ಕ್ಷಮೆಯಲ್ಲ, ಸಮರ್ಥನೆಯೂ ಅಲ್ಲ. ನಾನೂರು ವರ್ಷ ಯಾರನ್ನು ದ್ವೇಷಿಸಿ ಹೆಸರನ್ನೂ ಎತ್ತದೆ ದೂರವಿಟ್ಟಿದ್ದರೋ ಆ ತಮ್ಮದೇ ರೂಪದ ಪಕ್ಕದಲ್ಲಿ ಅವರು ನಿಲ್ಲುತ್ತಾರೆ. ಜೊತೆಗಿದ್ದ ಕ್ಲಾರಾ ಅಳುವುದು ಅದನ್ನು ಕಂಡೇ. ಅವಳ ಆ ಅಳುವಿನಿಂದಲೇ ಬೇರೆ ದಾರಿಯ ಯೋಚನೆ ಹುಟ್ಟುತ್ತದೆ.

ಅಂತೂ ಉಳಿದ ಗ್ಯಾಲಿಫ್ರೇ ಹೆಚ್ಚು ಕಾಲ ಉಳಿಯಲಿಲ್ಲ. 2020ರಲ್ಲಿ ಸರಣಿಯ ಮುಂದಿನ ಬರಹಗಾರರು ಅದನ್ನು ಮತ್ತೆ ಸುಟ್ಟರು, ಈ ಸಲ ಡಾಕ್ಟರನ ಹಳೆಯ ವೈರಿ ಮಾಸ್ಟರನ ಕೈಯಿಂದ. ಬೂದಿಯಾದ ಊರಿನ ಮುಂದೆ ಡಾಕ್ಟರ್ ಬಂದು ನಿಂತಾಗ ಈ ಸಲ ಅವಳು ಹೆಣ್ಣಿನ ರೂಪದಲ್ಲಿದ್ದಳು. ಆ ಮಕ್ಕಳ ಲೆಕ್ಕವನ್ನು ಯಾರೂ ಕೇಳಲಿಲ್ಲ.