ದಾಟಿ ಹೋಗಬೇಕಾದ ಮೀನು

ಕಡಲು ಬಿಟ್ಟು ಹೊಳೆಗೆ ತಿರುಗಿದ ಸಾಲ್ಮನ್ ಮೀನು ಊಟ ಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಳ್ಳುತ್ತ, ತಾನು ಹುಟ್ಟಿದ ಹಳ್ಳದ ನೀರಿನ ವಾಸನೆಯ ಜಾಡು ಹಿಡಿದು ನೂರಾರು ಮೈಲಿ ಎದುರು ಈಜುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಾಕೈ, ಚಿನೂಕ್, ಕೋಹೋ ಜಾತಿಗಳಿಗೆ ಈ ಪಯಣ ಜನ್ಮಕ್ಕೊಮ್ಮೆ. ಹರಳುಗಲ್ಲಿನ ನಡುವೆ ಗುಂಡಿ ತೋಡಿ ಮೊಟ್ಟೆಯಿಟ್ಟ ಮೇಲೆ ಅವು ಸಾಯುತ್ತವೆ. ಅಂದರೆ ನದಿಯಲ್ಲಿ ಸಾಲ್ಮನ್ ಹಿಡಿಯುವವನ ಕೈಗೆ ಬರುವುದು ಇನ್ನೂ ಮೊಟ್ಟೆಯಿಡದ, ಬೇರೆ ದಾರಿಯೇ ಇಲ್ಲದ ಮೀನು. ಮುಂಗಾರಿನ ಮೊದಲ ನೆರೆಗೆ, ಮೊಟ್ಟೆಯಿಡಲು ಮೇಲೇರುವ ಹತ್ತುಮೀನು ಹಿಡಿಯಲು ಹೊರಡುವ ನಮ್ಮ ಮಲೆನಾಡಿನವರಿಗೆ ಈ ಧರ್ಮಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹಿಡಿಯುವುದೇ ಪಾಪವೆಂದು ನಾನು ಒಪ್ಪಲಾರೆ. ಸಾವಿರಾರು ವರ್ಷ ಈ ಮೀನನ್ನೇ ನೆಚ್ಚಿ ಬದುಕಿದ ಜನ ಉತ್ತರ ಅಮೆರಿಕದ ಆ ತೀರದಲ್ಲಿದ್ದಾರೆ. ವರ್ಷದ ಮೊದಲ ಸಾಲ್ಮನ್ ಬಂದಾಗ ಅದನ್ನು ಎಲ್ಲರೂ ಹಂಚಿಕೊಂಡು ತಿಂದು, ಮೂಳೆಗಳನ್ನು ನದಿಗೇ ಒಪ್ಪಿಸಿ, ಕೆಲವು ದಿನ ಯಾರೂ ಹಿಡಿಯದೆ ಮೀನಿನ ದಂಡನ್ನು ಮೇಲಕ್ಕೆ ಬಿಡುವ ಆಚರಣೆ ಅವರಲ್ಲಿ ಅನೇಕರದು. ಮೀನು ಹಿಡಿಯುವ ಯಾವುದೇ ಸಾಧನದ ಬಗ್ಗೆ ನನ್ನ ಮೊದಲ ಪ್ರಶ್ನೆಯೂ ಇದೇ: ‘ಇದು ಬೇಡ’, ‘ಇವತ್ತಿಗೆ ಸಾಕು’ ಎನ್ನಲು ಅದು ಹಿಡಿಯುವವನಿಗೆ ಅವಕಾಶ ಕೊಡುತ್ತದೆಯೇ?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ಕೀನಾ ನದಿಗೆ ಸೇರುವ ಬ್ಯಾಬೀನ್ ಎಂಬ ಹೊಳೆಯಿದೆ. ಅಲ್ಲಿನ ಮೂಲನಿವಾಸಿಗಳಾದ ಲೇಕ್ ಬ್ಯಾಬೀನ್ ಜನ ಹೊಳೆಗೆ ಅಡ್ಡಲಾಗಿ ಗೂಟ ನೆಟ್ಟು ಬೇಲಿ ಹಾಕುತ್ತಿದ್ದರು. ನೀರು ಸಂದಿಗಳಲ್ಲಿ ಹರಿದು ಹೋಗುತ್ತದೆ, ಮೀನು ಮಾತ್ರ ದಾರಿ ಹುಡುಕುತ್ತ ಬೇಲಿಯ ಬದಿಯಲ್ಲೇ ಸಾಗಿ ಬೋನಿನೊಳಗೆ ಬಂದು ಸೇರುತ್ತದೆ. ನಮ್ಮ ಕಡೆ ಮೀನಿಗೆ ಒಡ್ಡುವ ಕೂಣಿ ಕಂಡವರಿಗೆ ಇದರ ಉಪಾಯ ತಕ್ಷಣ ತಿಳಿಯುತ್ತದೆ. ಮುಖ್ಯ ಸಂಗತಿಯೆಂದರೆ ಬೋನಿಗೆ ಬಂದ ಮೀನು ಜೀವಂತವಾಗಿರುತ್ತದೆ. ಬೇಕಾದುದನ್ನು ಎತ್ತಿಕೊಂಡು ಉಳಿದುದನ್ನು ಮೇಲಕ್ಕೆ ಬಿಡಬಹುದು. ಮನೆಮನೆಗೆ ಸಾಕಷ್ಟು ಸಿಕ್ಕಿತೆಂದರೆ ಬೇಲಿಯನ್ನೇ ತೆರೆದಿಡಬಹುದು.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸ್ಕೀನಾ ನದಿ ಕಡಲು ಸೇರುವಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಸಾಲಾಗಿ ಎದ್ದಿದ್ದವು. ಮೀನು ಕಡಿಮೆಯಾಗಲು ಮೇಲಿನ ಹೊಳೆಯ ಬೇಲಿಗಳೇ ಕಾರಣವೆಂದು ಅವುಗಳ ಮಾಲೀಕರು ದೂರಿದರು. ಸರ್ಕಾರಿ ಅಧಿಕಾರಿಗಳು ಬೇಲಿಗಳನ್ನು ಕಿತ್ತರು. ಕೊನೆಗೆ 1906ರಲ್ಲಿ ಒಂದು ಒಪ್ಪಂದವಾಯಿತು: ಜನ ಬೇಲಿ ಕಟ್ಟುವುದನ್ನು ಬಿಡಬೇಕು, ಬದಲಿಗೆ ಸರ್ಕಾರ ಅವರಿಗೆ ಬಲೆ ಕೊಡಬೇಕು. ಬಲೆಯೆಂದರೆ ಮೀನಿನ ತಲೆ ತೂರುವಷ್ಟು ಕಣ್ಣುಗಳಿರುವ ಬಲೆ. ಮುಂದಕ್ಕೆ ನುಗ್ಗಿದ ಮೀನು ಹಿಂದೆ ಸರಿಯಲು ನೋಡಿದಾಗ ದಾರ ಅದರ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಬಲೆ ಎಳೆಯುವ ಹೊತ್ತಿಗೆ ಬಹುಪಾಲು ಸತ್ತಿರುತ್ತದೆ, ಇಲ್ಲವೇ ಬಿಟ್ಟರೂ ಬದುಕದ ಸ್ಥಿತಿಯಲ್ಲಿರುತ್ತದೆ. ಆರಿಸಿ ಹಿಡಿಯುವ ಸಾಧನವನ್ನು ಕಸಿದು ಆರಿಸಲಾಗದ ಸಾಧನವನ್ನು ಕೈಗಿಟ್ಟ ಈ ಒಪ್ಪಂದ ನನಗೆ ಇಂದಿಗೂ ಹೊಟ್ಟೆ ಉರಿಸುವ ಸಂಗತಿ.

ನದಿಯ ಬಾಯಲ್ಲಿ ಹಾಕುವ ಬಲೆಯ ದೋಷ ಇನ್ನೂ ದೊಡ್ಡದು. ಹತ್ತಾರು ಉಪನದಿಗಳ ಮೀನು ಅಲ್ಲಿ ಒಟ್ಟಿಗೆ ಬರುತ್ತದೆ. ಒಂದು ಹಳ್ಳಕ್ಕೆ ಲಕ್ಷ ಮೀನು ಮರಳುತ್ತಿರಬಹುದು, ಇನ್ನೊಂದಕ್ಕೆ ಬೆರಳೆಣಿಕೆಯಷ್ಟೇ. ಯಾವುದು ಯಾವ ಹಳ್ಳದ್ದೆಂದು ಬಲೆಗೆ ಗೊತ್ತಾಗುವುದಿಲ್ಲ. ಮೇಲೆ, ಅದರದರ ಹೊಳೆಯಲ್ಲೇ ಬೇಲಿ ಕಟ್ಟಿದವನಿಗೆ ಅದು ಕಣ್ಣೆದುರೇ ಕಾಣುತ್ತದೆ. ಇದನ್ನು ಸರ್ಕಾರವೂ ಅರಿತುಕೊಂಡಿತು. 1946ರಿಂದ ಅದೇ ಬ್ಯಾಬೀನ್ ಹೊಳೆಗೆ ಅಡ್ಡಲಾಗಿ ಬೇಲಿ ನಿಂತಿದೆ, ಮೇಲೆ ಹೋಗುವ ಮೀನನ್ನು ಎಣಿಸಲು! ಈಚಿನ ದಶಕಗಳಲ್ಲಿ ಲೇಕ್ ಬ್ಯಾಬೀನ್ ಜನರೇ ಆ ಕೆಲಸದಲ್ಲಿ ಕೈಜೋಡಿಸಿದ್ದಾರೆ. ಸಾಕೈ ಹೆಚ್ಚು ಬಂದ ವರ್ಷ ಹೆಚ್ಚುವರಿಯನ್ನು ಮಾತ್ರ ಹಿಡಿಯುತ್ತಾರೆ.

ಇನ್ನು ಗಾಳ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಪುಟ್ಟ ಮುಳ್ಳೊಂದಿರುತ್ತದೆ, ಚುಚ್ಚಿದ ಗಾಳ ಕಳಚದಂತೆ ಹಿಡಿಯಲು. ಬಿಡಿಸುವಾಗ ಬಾಯಿಯ ಮಾಂಸ ಹರಿಯುವುದು ಅದರಿಂದಲೇ. ಬ್ರಿಟಿಷ್ ಕೊಲಂಬಿಯಾದ ಹೊಳೆಗಳಲ್ಲಿ ಆ ಮುಳ್ಳಿಲ್ಲದ ಒಂಟಿ ಗಾಳವನ್ನೇ ಬಳಸಬೇಕೆಂಬುದು ಕಾನೂನು. ಇಕ್ಕಳದಿಂದ ಅದುಮಿ ಮುಳ್ಳನ್ನು ಚಪ್ಪಟೆ ಮಾಡಿದರೂ ಆಯಿತು. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಇನ್ನೊಂದು ಏರ್ಪಾಡಿದೆ. ಮರಿ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಬಿಡುವ ಮೀನುಗಳಲ್ಲಿ ಹೆಚ್ಚಿನವುಗಳ ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರವಿರುವ ಸಣ್ಣ ಕೊಬ್ಬಿನ ರೆಕ್ಕೆಯನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಗಾಳಕ್ಕೆ ಬಿದ್ದ ಮೀನನ್ನು ನೀರಿನಲ್ಲೇ ಹಿಡಿದು ನೋಡಬೇಕು. ಆ ರೆಕ್ಕೆ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನಿರಬಹುದು, ಬಿಡಬೇಕು. ಇಲ್ಲದಿದ್ದರೆ ಒಯ್ಯಬಹುದು.

ಬಿಡುವುದಕ್ಕೂ ಕ್ರಮವಿದೆ. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬಂದು ಮೀನಿಗೆ ಸೋಂಕು ತಗಲಬಹುದು. ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಪ್ರತಿ ಕ್ಷಣವೂ, ಸೆಣಸಿ ದಣಿದ ಜೀವಕ್ಕೆ ಉಸಿರು ಕಟ್ಟಿದ ಕ್ಷಣ. ತಲೆಯನ್ನು ಹರಿವಿಗೆ ಎದುರಾಗಿಟ್ಟು, ತಾನಾಗಿ ಕೊಸರಿಕೊಂಡು ಹೋಗುವವರೆಗೆ ಮೆಲ್ಲನೆ ಆತುಕೊಂಡಿರಬೇಕು. ನೀರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದಾಗ ಈ ಯಾವ ಜಾಗ್ರತೆಯೂ ಸಾಲದು, ಈಜಿ ಹೋದ ಮೀನು ಆಮೇಲೆ ಸಾಯಬಹುದು. ಅದಕ್ಕಾಗಿಯೇ ಕೆನಡಾದ ಪೂರ್ವದ ಮಿರಾಮಿಶಿ ನದಿಯಲ್ಲಿ, ಬೇಸಿಗೆಯ ಬಿಸಿ ಏರಿದಾಗ ಸಾಲ್ಮನ್ ತಂಪಿಗೆ ಸೇರುವ ಮಡುಗಳಲ್ಲಿ ಗಾಳ ಹಾಕುವುದನ್ನು ನಿಲ್ಲಿಸುತ್ತಾರೆ. ತಿನ್ನಲೆಂದು ಹಿಡಿದಿದ್ದರೆ ತಲೆಗೆ ಒಂದೇ ಬಲವಾದ ಪೆಟ್ಟು ಕೊಟ್ಟು ಆಗಲೇ ಮುಗಿಸಬೇಕು. ದಡದಲ್ಲಿ ವಿಲವಿಲ ಒದ್ದಾಡಲು ಬಿಡುವುದು ಕ್ರೌರ್ಯ.

ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ನದಿಯಲ್ಲಿ ಸಾಕೈ ಹಿಡಿಯುವ ಒಂದು ರೀತಿಯ ಬಗ್ಗೆ ಗಾಳದವರಲ್ಲೇ ಬಹಳ ಕಾಲದಿಂದ ಜಗಳವಿದೆ. ಊಟ ಬಿಟ್ಟ ಸಾಕೈ ಎರೆಗೆ ಬಾಯಿ ಹಾಕುವುದು ಅಪರೂಪ. ಹಾಗಾಗಿ ತಳದಲ್ಲಿ ಗುಂಡು ಉರುಳಿಸಿ, ಉದ್ದದ ದಾರವನ್ನು ಹರಿವಿಗೆ ಅಡ್ಡ ಬಿಡುತ್ತಾರೆ. ಉಸಿರಾಡಲು ಬಾಯಿ ತೆರೆದ ಮೀನಿನ ಬಾಯೊಳಗೆ ದಾರ ಜಾರುತ್ತ ಹೋಗಿ, ಕೊನೆಗೆ ಗಾಳ ಹೊರಗಿನಿಂದ ದವಡೆಗೆ ಚುಚ್ಚುತ್ತದೆ. ಮನೆಯ ಅಡುಗೆಗೆ ಹಿಡಿಯುವವನು ಹೀಗೆ ಮಾಡಿದರೆ ನಾನು ದೂರಲಾರೆ, ಆದರೂ ಇದರ ಬದಲು ಅವನಿಗೆ ಕೋಲುಬಲೆ ಕೊಡುವುದು ಒಳ್ಳೆಯದು. ಆದರೆ ಇದನ್ನೇ ಆಟವೆಂದು, ಮೀನು ತಾನಾಗಿ ಕಚ್ಚಿತೆಂದು ಹೇಳಿಕೊಳ್ಳುವುದು ಸುಳ್ಳು.

ಒಳ್ಳೆಯ ಸಾಧನವೂ ಕೈಕಟ್ಟಿ ಕೂರಬೇಕಾದ ನದಿ ಯೂಕಾನ್. ಅಲ್ಲಿ ಚಿನೂಕ್ ಎಷ್ಟು ಕುಸಿದಿದೆಯೆಂದರೆ, 2024ರ ಏಪ್ರಿಲ್‌ನಲ್ಲಿ ಅಲಾಸ್ಕ ಮತ್ತು ಕೆನಡಾ ಏಳು ವರ್ಷ, ಎಂದರೆ ಆ ಮೀನಿನ ಒಂದು ಪೂರ್ತಿ ಜೀವಿತಾವಧಿ, ಅದನ್ನು ಹಿಡಿಯುವುದನ್ನು ನಿಲ್ಲಿಸಲು ಒಪ್ಪಿದವು. ಬೇಸಿಗೆಯಲ್ಲಿ ದಡದ ಬಿಡಾರಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಮೀನು ಸೀಳಿ ಹೊಗೆಗೆ ಕಟ್ಟುವುದನ್ನು ಕಲಿಸುತ್ತಿದ್ದ ಹಳ್ಳಿಗಳು ಈ ನಿಷೇಧವನ್ನು ಹೊತ್ತಿವೆ. ಅತ್ತ ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಮೀನಿಗೆ ಬಲೆ ಎಳೆಯುವ ಟ್ರಾಲರ್‌ಗಳಿಗೆ ಜೊತೆಯಲ್ಲಿ ಸಿಕ್ಕಿ ಸಾಯುವ ಚಿನೂಕ್‌ಗೆ ಒಂದು ಮಿತಿ ಇದೆ. ಆ ಮಿತಿಯನ್ನು ತಗ್ಗಿಸಿ ಎಂದು ಯೂಕಾನ್ ತೀರದ ಜನ ಕೇಳುತ್ತಲೇ ಇದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು, ಬೇಗ ಈಡೇರಬೇಕು.